ಬಿಡ್ರಿ ಅಂದಿದ್ದು ಯಾರು?

"ಈ ಮಷೀನು ಇವತ್ತ ಹೊರಗ ಹೋಗಬೇಕು!"

ಅಬ್ಬಿಗೆರೆಯ ಶೆಡ್ಡಿನ ಬಾಗಿಲಲ್ಲೇ ನಿಂತು ಭಾಗ್ಯಶ್ರೀ ಕೂಗಿದಳು. ವಾಸು ಸ್ಪ್ಯಾನರ್ ಕೆಳಗಿಟ್ಟು ತಲೆಯೆತ್ತಿದ. ಆಸ್ಪತ್ರೆಯಿಂದ ಅವಳು ಅವನನ್ನು ಅಟ್ಟಿದ ಮೇಲೆ ಇಬ್ಬರೂ ಮುಖಾಮುಖಿಯಾಗಿದ್ದು ಇವತ್ತೇ.

"ಚೆನ್ನಾಗಿದೀರಾ?" ಎಂದ ಮೆಲ್ಲಗೆ.

"ಚೆನ್ನಾಗಿ?!" ಅವಳು ಬಲಗೈಯನ್ನು ಅವನ ಮುಖದೆದುರು ಹಿಡಿದಳು. ತೋರುಬೆರಳು ಮಡಚುತ್ತಿರಲಿಲ್ಲ. "ನೋಡ್ರಿ... ಕಣ್ತುಂಬ ನೋಡ್ರಿ!"

ಬಾಗಲಕೋಟೆಯಿಂದ ಬಂದ ಭಾಗ್ಯಶ್ರೀ ಮನೆ ಮುಂದಿನ ಹೆಸರಿನ ಫಲಕಗಳನ್ನು ಉಳಿ ಹಿಡಿದು ಕೆತ್ತುತ್ತಿದ್ದವಳು. ಶಹರ್ಬಾನು ಆಪಾ ಅವರ ಆ ಶೆಡ್ಡಿನಲ್ಲಿ ಎಲ್ಲರೂ ಜಾಗ ಹಂಚಿಕೊಂಡು ಕೆಲಸ ಮಾಡುತ್ತಿದ್ದರು. ಪಕ್ಕದ ಮೂಲೆ ವಾಸುವಿನದು. ಗುಜರಿಯ ಮೋಟಾರು, ಕಬ್ಬಿಣ ಸೇರಿಸಿ ಅವನೇ ಕಟ್ಟಿದ ಸಿಎನ್‌ಸಿ ಯಂತ್ರ ಅಲ್ಲಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಸಾಕು, ಬಾಗಿಲ ಹಲಗೆಯನ್ನು ತಾನೇ ಕೆತ್ತುತ್ತಿತ್ತು.

ಕಾಫಿ ಹಂಚಿಕೊಳ್ಳುತ್ತಾ ಇಬ್ಬರ ಮನಸ್ಸೂ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಒಂದು ದಿನ, ಯಂತ್ರದೊಳಗೆ ಸಿಕ್ಕಿಕೊಂಡ ಮರದ ಚೂರನ್ನು ಭಾಗ್ಯಶ್ರೀ ಕೈ ಹಾಕಿ ತೆಗೆಯುತ್ತಿದ್ದಾಗ ವಾಸು ಯಂತ್ರ ಶುರು ಮಾಡಿಬಿಟ್ಟ!

'ನನ್ನ ಕೈ ಒಳಗಿತ್ತು... ಪಾಪಿಗೆ ಕಾಣಲಿಲ್ಲವೇ?' ಎಂದು ಅವಳು ಅತ್ತು ಅತ್ತು ಕಡೆಗೆ ಹಲ್ಲು ಕಚ್ಚಿದ್ದಳು.

ಈಗ ಶೆಡ್ಡಿನ ಸುರಕ್ಷತೆಯ ಹೊಣೆಯನ್ನು ಹಠ ಹಿಡಿದು ತಾನೇ ಪಡೆದುಕೊಂಡಿದ್ದಳು. ಅವಳು ಒಪ್ಪದೆ ಯಾವ ಯಂತ್ರವೂ ತಿರುಗುವಂತಿಲ್ಲ.

"ಸರಿ ಮಾಡ್ಕೊಳ್ಳೋಕೆ ಟೈಮಾದ್ರೂ ಕೊಡಮ್ಮಾ," ಎಂದರು ಆಪಾ.

ಕೊಟ್ಟಳು. ಅವನನ್ನು ಉರಿಸಬೇಕಿದ್ದರೆ ನಿಧಾನವಾಗಿಯೇ ಉರಿಸಬೇಕಲ್ಲ!

"ತಟ್ಟನೆ ನಿಲ್ಲಿಸೋ ಕೆಂಪು ಬಟನ್ ಎಲ್ಲೈತಿ?" ವಾಸು ಹಾಕಿಸಿದ.

"ಸುತ್ತ ಗಾಜಿನ ಬಾಗಿಲು?" ಅದನ್ನೂ ಹಾಕಿಸಿದ. ಬಾಗಿಲು ತೆರೆದರೆ ಯಂತ್ರ ನಿಲ್ಲುವಂತೆಯೂ ಮಾಡಿದ.

"ಸಾಲಂಗಿಲ್ಲ!"

ಅವನ ಗಿರಾಕಿಗಳು ಬೇರೆ ಕಡೆ ಹೋದರು. ಅವನು ಸೊರಗುವುದನ್ನು ಕಂಡು ಇವಳಿಗೆ ಹಬ್ಬವಾಗಬೇಕಿತ್ತು. ಆದರೆ ಊಟವೇ ಸೇರುತ್ತಿರಲಿಲ್ಲ. ಅಬ್ಬಾ, ಈ ಹುಡುಗಿಯ ಹಠವೇ!

ಕೊನೆಗೆ ಎಲ್ಲರೆದುರು ಕೇಳಿಯೇ ಬಿಟ್ಟಳು. "ಅವತ್ತು ಯಾಕ ಚಾಲೂ ಮಾಡಿದ್ರಿ? ಬಾಯಿ ಬಿಡ್ರಿ!"

"ತಪ್ಪು ನಂದು ಕಣ್ರೀ. ಮಷೀನ್ ತಗೊಂಡು ಹೋಗ್ತೀನಿ."

ಅಷ್ಟೇ! ಅವನು ಒಂದೊಂದೇ ಬೋಲ್ಟ್ ಬಿಚ್ಚತೊಡಗಿದ. ಗೆದ್ದವಳ ಕಣ್ಣೇಕೆ ತುಂಬಿ ಬಂತೋ! ಯಾರಿಗೂ ಕಾಣಬಾರದೆಂದು ಅವಳು ಗೋಡೆಗೆ ಮುಖ ತಿರುಗಿಸಿದಳು.

ನೆಲದ ಮೇಲಿನ ಮರದ ಹೊಟ್ಟು ತೆಗೆಯಲೆಂದು ಆಪಾ ಧೂಳೆಳೆಯುವ ಯಂತ್ರದ ಸ್ವಿಚ್ಚಿನ ಬಳಿ ನಿಂತು ಏನೋ ಕೇಳಿದರು. ಆಚೆ ಗರಗಸದ ಸದ್ದು. ಭಾಗ್ಯಶ್ರೀಗೆ ಕೇಳಿಸಿದ್ದು "...ಮಾಡ್ಲಾ?" ಎಂಬುದಷ್ಟೇ. ಟೀ ಮಾಡಲೇ ಎನ್ನುತ್ತಿದ್ದಾರೆ ಅಂದುಕೊಂಡಳು.

"ಬಿಡ್ರಿ ಆಪಾ!"

ಭರ್ರ್ ಎಂದು ಯಂತ್ರ ಶುರುವಾಯಿತು. ಅವಳು ಬೆಚ್ಚಿಬಿದ್ದಳು. "ಬ್ಯಾಡ ಅಂದ್ನೆಲ್ಲರೀ!"

"ಆನ್ ಮಾಡ್ಲಾ ಅಂದೆ, ಬಿಡ್ರಿ ಅಂದ್ಯಲ್ಲಮ್ಮಾ? ಕರೆಂಟ್ ಬಿಡಿ ಅಂತ ತಾನೇ?"

ಭಾಗ್ಯಶ್ರೀ ವಾಸುವಿನ ಯಂತ್ರದತ್ತ ತಿರುಗಿದಳು.

ಅವತ್ತೂ ಇಂಥದೇ ಸದ್ದು. ಅವತ್ತೂ ಕಂಪ್ಯೂಟರಿನ ಹಿಂದಿನಿಂದ ವಾಸುವಿನ "...ಮಾಡ್ಲಾ?" ಸಹಾಯ ಮಾಡಲೇ ಎನ್ನುತ್ತಿದ್ದಾನೆಂದು ತಿಳಿದು, ಪರವಾಗಿಲ್ಲ, ಬೇಡ ಎನ್ನುವ ಅರ್ಥದಲ್ಲಿ ಅವಳೇ ಹೇಳಿದ್ದಳು... ಬಿಡ್ರಿ!

ಅವಳು ತಡವರಿಸುತ್ತಾ ವಾಸುವಿನ ಬಳಿ ಬಂದಳು. "ನಿಮಗ ಗೊತ್ತಿತ್ತೇನು?"

"ಹ್ಞೂಂ."

"ಮತ್ತ ಯಾಕ ಹೇಳ್ಲಿಲ್ಲ? ಊರ ಮುಂದ ಬೈಸ್ಕೊಂಡ್ರೆಲ್ಲಾ!"

"ನೋವಲ್ಲಿ ಒದ್ದಾಡ್ತಿದ್ರಿ. ನೀವೇ ಅಂದಿದ್ದು ಅಂತ ಹೇಳಿದ್ರೆ, ನಿಮ್ಮನ್ನ ನೀವೇ ಬೈಕೊಂಡು ಸೊರಗ್ತಿದ್ರಿ. ನನ್ನ ಬೈದ್ರೆ ಬೈಲಿ ಅಂತ ಸುಮ್ನಾದೆ." ಅವನ ದನಿ ಒಡೆಯಿತು. "ಆದ್ರೆ ತಪ್ಪು ನಂದೂ ಹೌದು. ಎದ್ದು ಬಂದು ನೋಡ್ದೇ, ಬರೀ ಮಾತು ಕೇಳಿ ಶುರು ಮಾಡ್ಬಾರ್ದಿತ್ತು."

ಅವಳು ಬಿಕ್ಕಿದಳು. ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಳು.

"ಮಷೀನು ಎಲ್ಲೂ ಹೋಗಂಗಿಲ್ಲ! ಇನ್ನು ಕೈ ಹಾಕೋರೇ ಪ್ಲಗ್ ಕಿತ್ತು ತಮ್ಮ ಹತ್ರ ಇಟ್ಕೋಬೇಕು. ಕೈ ಹೊರಗ ಬಂದ ಮ್ಯಾಲೆ ಅವರೇ ಹಾಕ್ಬೇಕು. ಕೇಳೋದಿಲ್ಲ, ಹೇಳೋದಿಲ್ಲ!"

"ಆಯ್ತು ಕಣ್ರೀ."

"ಬ್ಯಾರೆ ಯಾರ ಮಾಡಿದ್ರೂ ನನಗ ಇಷ್ಟು ಸಿಟ್ಟು ಬರ್ತಿದ್ದಿಲ್ಲ ವಾಸು. ನೀವು ಅನ್ನೋದಕ್ಕ ಬಂತು... ನಿಮ್ಮನ್ನ ಅಷ್ಟು ಪ್ರೀತಿ ಮಾಡಿದ್ದೆ."

"ಮಾಡಿದ್ದೆ... ಅಂದ್ರೆ? ಈಗ?"

"ಈಗೂ ಮಾಡ್ತೀನಿ. ಸಿಟ್ಟೂ ಐತಿ!"

ಅವನು ಅಳುತ್ತಲೇ ನಕ್ಕ. ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದುಕೊಂಡ. "ನಂಗೂ ನೀವಂದ್ರೆ ಪ್ರಾಣ ಭಾಗ್ಯಾ. ಸಿಟ್ಟು ಇಳಿಯೋಕೆ ಏನ್ ಮಾಡ್ಲಿ?"

"ದಿನಾ ನನ್ನ ಸನೇಕ ಕೂತು ಮಾತಾಡಸ್ರಿ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಲಗೂನ ಇಳೀತೈತಿ."