ಕೋಟೆಗುಡ್ಡದ ಕೋವಿಯ ವಯಸ್ಸು

1936ನೇ ಇಸವಿ ಮಾರ್ಚ್ 12, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮುತ್ತಮ್ಮ ಮೂಡಿಗೆರೆ ಠಾಣೆಯ ಮೆಟ್ಟಿಲು ಹತ್ತಿದಳು. ಗಂಡ ಭೂತಯ್ಯ ನಾಲ್ಕು ದಿನದಿಂದ ಮನೆಗೆ ಬಂದಿಲ್ಲವೆಂಬುದು ದೂರು. ಇಬ್ಬರೂ ಬಣಕಲ್ ಹತ್ತಿರದ ಕೋಟೆಗುಡ್ಡದಲ್ಲಿ ಹಳೇ ಕಾಲದ ಕುರುಹು ಹುಡುಕುವ ಅಗೆತದಲ್ಲಿ ಕೂಲಿ. ಕೂಲಿಯವನು ಕಾಣೆಯಾದರೆ ಹೆಂಡದಂಗಡಿ ನೋಡು ಎಂದು ಸಾಗಹಾಕುವವರಿಗೇನೂ ಬರವಿಲ್ಲ. ಇನ್ಸ್‌ಪೆಕ್ಟರ್ ಚಂದ್ರಶೇಖರಪ್ಪ ಅಂಥವರಲ್ಲ. ತಾವೇ ಕಾಗದ ಎಳೆದುಕೊಂಡು ಕೂತರು.

"ಕೊನೆಗೆ ನೋಡಿದ್ದು ಯಾವಾಗ?"

"ಭಾನ್ವಾರ ಸಂಜೆ ಸ್ವಾಮಿ. ಮೇಷ್ಟ್ರು ಕರೆದಿದಾರೆ ಅಂತ ಗುಡ್ಡಕ್ಕೆ ಹೋದ್ರು."

"ಯಾಕೆ ಕರೆದಿದ್ದು?"

"ಗುಂಡೀಲಿ ಸಿಕ್ಕಿದ ಕೋವಿ ವಿಷ್ಯ ಇರ್ಬೇಕು. ಅದನ್ನ ನೋಡ್ಕಂಡು ಬಂದ ದಿನ ಒಬ್ರೇ ನಗ್ತಿದ್ರು. ಕೇಳಿದ್ರೆ, ‘ಮೇಷ್ಟ್ರ ಮಾನ ಕಣೆ, ಬಾಯಿ ಬಿಡಬಾರದು’ ಅಂದ್ರು."

"ಸೋಮವಾರ ಹುಡುಕಲಿಲ್ವ?"

"ಕೆಲ್ಸಕ್ಕೆ ಹೋದಾಗ ಕೇಳ್ದೆ. ಕಳಸಕ್ಕೆ ಕಳಿಸಿದೀನಿ, ಬರ್ತಾನೆ ಅಂದ್ರು ಮೇಷ್ಟ್ರು. ಅವತ್ತು ಮೂರನೇ ಗುಂಡಿ ಮುಚ್ಚಿಸಿದ್ರು. ಮೊದಲ ಬುಟ್ಟಿ ಮಣ್ಣು ನಂದೇ."

ಅಗೆತ ಮಾಡಿಸುತ್ತಿದ್ದ ಪರಮೇಶ್ವರಪ್ಪ ಮೇಷ್ಟ್ರನ್ನು ಅರಿಯದವರಿಲ್ಲ. ಫರಂಗಿಯವರು ಬರುವ ಮೊದಲೇ ಈ ಕೋಟೆಯಲ್ಲಿ ಕೋವಿ ಮಾಡುತ್ತಿದ್ದರು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಹಿಂದಿನ ತಿಂಗಳು ಎರಡನೇ ಗುಂಡಿಯಲ್ಲಿ ತುಕ್ಕು ತಿಂದ ಬತ್ತಿ ಕೋವಿಯೊಂದು ಸಿಕ್ಕಿತ್ತು. ಅದರ ಕಾಲ ನಿರ್ಣಯಿಸಲು ಶನಿವಾರ ಮೈಸೂರಿನಿಂದ ಪಂಡಿತರೊಬ್ಬರು ಬರುವವರಿದ್ದರು.

ಹನ್ನೆರಡೂವರೆಗೆ ಇನ್ಸ್‌ಪೆಕ್ಟರರೂ ಕಾನ್‌ಸ್ಟೇಬಲ್ ಲಕ್ಕಯ್ಯನೂ ಗುಡ್ಡ ಹತ್ತಿದರು. ಮೇಷ್ಟ್ರು ಕೋವಿಯನ್ನು ಬಟ್ಟೆ ಬಿಚ್ಚಿ ತೋರಿಸಿದರು. ಮರದ ಹಿಡಿ ಇರಲಿಲ್ಲ. ಬರೀ ಕಬ್ಬಿಣದ ನಳಿಗೆ, ಮೈಯೆಲ್ಲ ಹಕ್ಕಳೆ ಎದ್ದಿತ್ತು.

"ಎಷ್ಟು ವರ್ಷದ್ದು?"

"ನಾನೂರೈವತ್ತಕ್ಕೆ ಕಡಿಮೆಯಿಲ್ಲ."

ಲಕ್ಕಯ್ಯ ಬಗ್ಗಿ ನಳಿಗೆಯ ನಗ್ಗಿದ ಬಾಯಿ ನೋಡಿದ. ಚಾಕುವಿನ ತುದಿಯಿಂದ ಕೆರೆದ. ಮಣ್ಣಿನ ಕೆಳಗಿಂದ ಹಳದಿ ಬಿರಡೆಯೊಂದು ಮೆತ್ತಗೆ ಹೊರಬಂತು. ಮೂಸಿ ಸಾಹೇಬರ ಕೈಗಿಟ್ಟ.

"ಜೇನುಮೇಣ ಸ್ವಾಮಿ. ಮಳೆಗಾಲದಲ್ಲಿ ನೀರು ಹೋಗಬಾರದು ಅಂತ ನಮ್ಮ ಕಡೆ ಎಲ್ಲರೂ ಕೋವಿ ಬಾಯಿಗೆ ಹಾಕ್ತಾರೆ. ಬತ್ತಿ ಇಡೋ ತೂತಿಗೂ ಹಾಕಿದಾರೆ ನೋಡಿ."

ಕೋಲಿಗೆ ಚಿಂದಿ ಸುತ್ತಿ ಒಳಗೆ ತೂರಿಸಿದರು. ಚಿಂದಿ ಎಣ್ಣೆಯಲ್ಲಿ ನೆನೆದು ಬಂತು. ಹೊರಗೆ ನಾನೂರೈವತ್ತು ವರ್ಷದ ತುಕ್ಕು, ಒಳಗೆ ಮೊನ್ನೆ ಉಜ್ಜಿದ ಹೊಳಪು.

ಹೋದ ಮಳೆಗಾಲದಲ್ಲಿ ಉಪ್ಪು ಸವರಿ ಹೂಳಿದ ಕೋವಿ ಅದು. ಹೂಳುವಾಗ ಹಳೇ ಶಿಕಾರಿಯಾದ ಮೇಷ್ಟ್ರ ಕೈ ತಾನಾಗಿ ಮೇಣ ಮೆತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಮ್ಮನೆಯೇ?

"ಕೋವಿ ಯಾರದು ಮೇಷ್ಟ್ರೇ?"

ಅವರು ಕೋವಿಗೆ ಮತ್ತೆ ಬಟ್ಟೆ ಸುತ್ತತೊಡಗಿದರು. ಎರಡು ಗಂಟೆಗೆ ತಾಲ್ಲೂಕು ಕಚೇರಿಯ ಲೈಸೆನ್ಸ್ ಪುಸ್ತಕ ಮಾತಾಡಿತು: ಬತ್ತಿ ಕೋವಿ ಒಂದು, ನಳಿಗೆಯ ಬಾಯಲ್ಲಿ ನಗ್ಗು, ಭೂತಯ್ಯನ ಹೆಸರು. ಲೈಸೆನ್ಸ್ ಮುಗಿದಾಗ ‘ನಾನೇ ಕಚೇರಿಗೆ ಒಪ್ಪಿಸ್ತೀನಿ ಕೊಡು’ ಎಂದು ಮೇಷ್ಟ್ರು ಇಸಿದುಕೊಂಡಿದ್ದರಂತೆ. ಮುತ್ತಮ್ಮನೇ ಅದನ್ನು ಹೇಳಿದಳು. ಅಜ್ಜನ ಕಾಲದಿಂದ ಮನೆಯಲ್ಲಿದ್ದ ಕೋವಿಯ ನಗ್ಗು ಭೂತಯ್ಯನಿಗೆ ಗುರುತು ಸಿಗದೆ ಇರುತ್ತದೆಯೇ?

ಅರ್ಧ ಮಾತ್ರ ಅಗೆದಿದ್ದ ಮೂರನೇ ಗುಂಡಿಯನ್ನು ಸೋಮವಾರವೇ ಮುಚ್ಚಿಸಿದ್ದು ಇನ್ಸ್‌ಪೆಕ್ಟರರ ಮನಸ್ಸಿನಲ್ಲಿತ್ತು. ನಾಲ್ಕೂ ಇಪ್ಪತ್ತಕ್ಕೆ ಪಂಚರ ಎದುರು ಅದನ್ನು ತೆಗೆಸಿದರು. ಮಣ್ಣಿನಡಿ ತರಗೆಲೆಯ ಹಾಸು; ಅದರಡಿ ಭೂತಯ್ಯ, ತಲೆಗೆ ಗುದ್ದಲಿಯ ಹಿಂಬದಿಯ ಪೆಟ್ಟು. ಪಂಚನಾಮೆ ಬರೆದು, ಎಫ್.ಐ.ಆರ್. ದಾಖಲಿಸಿ, ಮೇಷ್ಟ್ರನ್ನು ದಸ್ತಗಿರಿ ಮಾಡಿದರು.

"ಅವನು ಯಾರಿಗೂ ಹೇಳಲ್ಲ ಅಂದ," ಎಂದರು ಮೇಷ್ಟ್ರು. "ಆದರೆ ಹೇಳುವಾಗ ನಕ್ಕ. ಮೈಸೂರಿನ ಪಂಡಿತರೂ ಹಾಗೇ ನಕ್ಕಿದ್ದರು, ನನ್ನ ಕೋಟೆ ಕೋವಿ ಬರೀ ಕಟ್ಟುಕಥೆ ಅಂತ ಪತ್ರಿಕೇಲಿ ಬರೆದು."

ಕೈಕೋಳ ಹಾಕಿಸಿಕೊಳ್ಳುತ್ತಲೇ, "ಪಂಡಿತರು ಬಂದರೆ ಕೋವಿ ತೋರಿಸ್ತೀರಾ?" ಎಂದು ಕೇಳಿದರು. ಚಂದ್ರಶೇಖರಪ್ಪನವರಿಗೆ ಆ ಮನುಷ್ಯನ ಮೇಲೆ ಹೇಸಿಗೆಯಾಯಿತು.

ಮರುದಿನ ಡಾಕ್ಟರರ ವರದಿ ಬಂತು. ಪೆಟ್ಟಿನಿಂದ ಪ್ರಜ್ಞೆ ತಪ್ಪಿತ್ತು, ಜೀವ ಹೋಗಿರಲಿಲ್ಲ. ಶ್ವಾಸನಾಳದಲ್ಲಿ ಮಣ್ಣು. ಭಾನುವಾರ ಸಂಜೆಯಿಂದ ಸೋಮವಾರದವರೆಗೂ ಎಲೆಗಳಡಿಯಲ್ಲಿ ಅವನು ಉಸಿರಾಡುತ್ತಿದ್ದ.

ಹೇಳಿಕೆ ಕೊಡಲು ಬಂದ ಮುತ್ತಮ್ಮ ಒಂದೇ ಪ್ರಶ್ನೆ ಕೇಳಿದಳು.

"ನಾನು ಮಣ್ಣು ಹಾಕುವಾಗ ಅವ್ರ ಜೀವ ಹೋಗಿತ್ತಾ ಸ್ವಾಮಿ?"

ಇನ್ಸ್‌ಪೆಕ್ಟರ್ ವರದಿಯನ್ನು ಮಗುಚಿಟ್ಟರು. "ಹೋಗಿತ್ತಮ್ಮ."

"ಸುಳ್ಳು ಹೇಳ್ಬೇಡಿ. ಮೊದಲ ಬುಟ್ಟಿ ಸುರಿದಾಗ ತರಗೆಲೆ ಅಲ್ಲಾಡ್ತು. ಮೇಷ್ಟ್ರೇ, ಏನೋ ಐತೆ ಅಂದೆ. ಹೆಗ್ಗಣ, ಬೇಗ ಸುರಿ ಅಂದ್ರು. ಸುರಿದೆ."

ಅವನು ಬದುಕಿದ್ದುದು ಮೇಷ್ಟ್ರಿಗೆ ಗೊತ್ತಿತ್ತು ಎನ್ನಲು ಬೇರೆ ಸಾಕ್ಷಿ ಇರಲಿಲ್ಲ. ಚಂದ್ರಶೇಖರಪ್ಪ ಅದನ್ನು ಬರೆಯಲೇಬೇಕಾಯಿತು. ಬರೆದು, ನಿಯಮದಂತೆ ಅವಳಿಗೇ ಗಟ್ಟಿಯಾಗಿ ಓದಿ ಹೇಳಿದರು. ಸರಿಯಿದೆ ಎಂದು ಮುತ್ತಮ್ಮ ಹೆಬ್ಬೆಟ್ಟು ಒತ್ತಿದಳು.