ನೀರಿಲ್ಲದೆ ಮೂವತ್ತು ಸೆಕೆಂಡ್

ಪಿಸ್ತೂಲಿನ ಮೂತಿ ನನ್ನ ಬಲಗಿವಿಯ ಹಿಂದೆ ತಣ್ಣಗೆ ಕೂತಿತ್ತು. ಎದುರಿಗೆ ಸ್ಟ್ಯಾಂಡ್ ಮೇಲೆ, ಬೋಟಿನ ಹಿಂಬದಿಗೆ ಬಿಗಿಯುವ ಮೂರು ಔಟ್‌ಬೋರ್ಡ್ ಎಂಜಿನ್‌ಗಳು.

“ಇದರಲ್ಲಿ ಯಾವುದು?” ಅಂದ ಸೈಲೆನ್ಸರ್.

ಅವನ ನಿಜವಾದ ಹೆಸರು ಕಟ್ಟಿಕೊಂಡು ಏನಾಗಬೇಕು? ಕೊಲ್ಲುತ್ತೇನೆ ಅನ್ನುವುದನ್ನೂ ಪಿಸುಮಾತಿನಲ್ಲೇ ಹೇಳುವವನು. ಅದಕ್ಕೇ ಸೈಲೆನ್ಸರ್.

ಶೆಡ್ಡಿನ ಶಟರ್ ಕೆಳಗೆಳೆದು ಒಳಗಿನಿಂದ ಬೀಗ ಹಾಕಿತ್ತು. ಬೀಗದ ಕೈ ಗೂಳಿಯ ಜೇಬಿನಲ್ಲಿ. ಗೂಳಿ ಅಂದರೆ ಅವನ ಬಂಟ, ಬಾಗಿಲಿನಷ್ಟೇ ಅಗಲ. ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಸರಳು. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು ಪೆಟ್ರೋಲ್ ವಾಸನೆಗೆ ಉಸಿರು ಕಟ್ಟುತ್ತಿತ್ತು.

ಟ್ರೇಲರ್ ಮೇಲಿದ್ದ ಸ್ಪೋರ್ಟ್ ಬೋಟಿನ ಡ್ರೈವರ್ ಸೀಟಿನಲ್ಲಿ... ನನ್ನ ತಂಗಿ!

ನನಗೆ ಭಯವಾಗಿತ್ತು. ಮುಚ್ಚಿಡುವುದೇನು?

ನನ್ನ ಕೆಲಸ ಹೇಳಿಬಿಡುತ್ತೇನೆ. ಮುಳುಗಿದ ಬೋಟು ಯಾಕೆ ಮುಳುಗಿತು ಅಂತ ಇನ್ಶೂರೆನ್ಸ್‌ನವರಿಗೆ ಪತ್ತೆ ಮಾಡಿಕೊಡುವುದು. ಅದಕ್ಕೂ ಮುಂಚೆ ಹನ್ನೆರಡು ವರ್ಷ ರೇಸ್ ಬೋಟ್ ಮೆಕ್ಯಾನಿಕ್ ಆಗಿದ್ದೆ. ಸೈಲೆನ್ಸರ್ ಇನ್ಶೂರೆನ್ಸ್ ದುಡ್ಡಿಗಾಗಿ ತನ್ನದೇ ಬೋಟನ್ನು ಮುಳುಗಿಸಿದ್ದ. ಒಳಗೆ ಇಬ್ಬರು ಕೆಲಸಗಾರರು ಮಲಗಿದ್ದರು. ನನ್ನ ರಿಪೋರ್ಟಿನಿಂದ ಅವನ ಮೇಲೆ ವಾರಂಟ್ ಹೊರಟಿತ್ತು. ಈಗ ಅವನು ಓಡಬೇಕು. ದೂರದಲ್ಲಿ ಹಡಗೊಂದು ಕಾಯುತ್ತಿದೆ, ನಡುವೆ ಪೊಲೀಸ್ ಬೋಟು. ಅದನ್ನು ಹಿಂದೆ ಹಾಕಬಲ್ಲ ಡ್ರೈವರ್ ಒಬ್ಬಳೇ, ನನ್ನ ತಂಗಿ. ರೇಸಿನಲ್ಲಿ ಅವಳ ಹಿಂದೆ ಹೋದವರು ನೊರೆ ಮಾತ್ರ ನೋಡಿದ್ದಾರೆ. ಅವಳ ಬೋಟಿಗೆ ಎಂಜಿನ್ ಆರಿಸುತ್ತಿದ್ದವನು ನಾನು. ಅದಕ್ಕೆ ಇಬ್ಬರನ್ನೂ ಹೊತ್ತು ತಂದಿದ್ದ.

“ಹಡಗು ಹತ್ತಿದ ಮೇಲೆ ಅಣ್ಣ ತಂಗಿ ಇಬ್ರನ್ನೂ ಬಿಟ್ಬಿಡ್ತೀನಿ,” ಅಂದ.

ಕಿವಿ ಮೇಲೆ ಹೂವಿಡುತ್ತಿದ್ದ. ಹಡಗು ಸಿಕ್ಕ ಮೇಲೆ ನಾವು ಅವನಿಗೆ ಬರೀ ಸಾಕ್ಷಿಗಳು.

“ಮುನ್ನೂರು ಎಚ್‌ಪಿ ಹಾಕು.”

“ಬೇಡ.”

ಮೂತಿ ಇನ್ನಷ್ಟು ಒತ್ತಿತು.

“ಬೋಟಿನ ಹಿಂಬದಿ ಪಟ್ಟಿ ಓದು. ಇನ್ನೂರೈವತ್ತಕ್ಕಿಂತ ಜಾಸ್ತಿ ಹಾಕಬಾರದು ಅಂತಿದೆ. ಆ ಮುನ್ನೂರರ ಎಂಜಿನ್ ಅರವತ್ತು ಕಿಲೋ ಹೆಚ್ಚು ತೂಗುತ್ತೆ. ಹಿಂದೆ ಕುಸಿಯುತ್ತೆ, ಮುಂದೆ ಏಳುತ್ತೆ. ಎರಡನೇ ಅಲೆಗೆ ಬೋಟು ಅಂಗಾತ.”

“ನನ್ನ ನಿಧಾನ ಮಾಡೋಕೆ ನೋಡ್ತಿದ್ದೀಯ.”

“ನನ್ನ ತಂಗಿ ಅದರಲ್ಲಿ ಕೂತಿದ್ದಾಳೆ.”

ಅದು ಅವನಿಗೆ ಅರ್ಥವಾಯಿತು.

“ಹಾಗಾದ್ರೆ ಇನ್ನೂರರದು?”

ಅದರ ಕೆಳಗಿನ ಸ್ಕ್ರೂ ಬಿಚ್ಚಿದೆ. ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗೆ ಇಳಿಯಿತು. ಎಣ್ಣೆಗೆ ನೀರು ಬೆರೆತಿದೆ, ಸೀಲ್ ಹೋಗಿದೆ. ಅರ್ಧ ದಾರಿಯಲ್ಲಿ ಕೈ ಕೊಡುವ ಗಿರಾಕಿ ಅದು.

ಉಳಿದದ್ದು ಇನ್ನೂರೈವತ್ತು. ಎಣ್ಣೆ ಶುದ್ಧ. ಪ್ಲಗ್‌ಗಳು ಒಣಗಿವೆ. ಎಲ್ಲೂ ಉಪ್ಪಿನ ಪುಡಿಯಿಲ್ಲ. ಪ್ರತಿ ಸಲ ಸಮುದ್ರದಿಂದ ಬಂದ ಮೇಲೆ ಯಾರೋ ಪುಣ್ಯಾತ್ಮ ಸಿಹಿನೀರು ಹಾಯಿಸಿ ತೊಳೆದಿದ್ದ. ಅಷ್ಟು ಸಂಕಟದಲ್ಲೂ ಅವನ ಮೇಲೆ ಪ್ರೀತಿ ಬಂತು.

“ಇದು,” ಅಂದೆ. “ಬೋಟನ್ನ ಬೇಗ ನೀರಿನ ಮೇಲೆತ್ತೋ ಪ್ರೊಪೆಲ್ಲರ್ ಹಾಕ್ತೀನಿ. ನೀನು, ಅವಳು, ಎಂಜಿನ್ ನೋಡ್ಕೊಳ್ಳೋಕೆ ನಾನು, ಮೂರೇ ಜನ. ಗೂಳಿ ಹತ್ತಿದ್ರೆ ಬೋಟು ನೀರು ಬಿಟ್ಟು ಏಳಲ್ಲ.”

ಗೂಳಿ ಮುಖ ಸಣ್ಣಗೆ ಮಾಡಿಕೊಂಡ. ಆದರೂ ಚೈನ್ ಎಳೆದು ಎಂಜಿನ್ ಎತ್ತಿ ಕೊಟ್ಟ. ನಾಲ್ಕು ಬೋಲ್ಟ್ ಬಿಗಿದೆ. ಅಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಸ್ಟಾರ್ಟ್ ಮಾಡು. ಸದ್ದು ಕೇಳಬೇಕು,” ಅಂದ ಸೈಲೆನ್ಸರ್.

ನಾನು ಮೂಲೆಯಲ್ಲಿದ್ದ ನೀರಿನ ಪೈಪಿಗೆ ಕೈ ಹಾಕಿದೆ.

“ಎಲ್ಲಿಗೆ?”

“ನೀರು ಕೊಡದೆ ಓಡಿಸಬಾರದು. ಒಳಗೆ ಸುಡುತ್ತೆ.”

“ನಾಟಕ ಬೇಡ. ಟೈಮ್ ತಳ್ಳಬೇಡ.”

“ನಿಜ ಹೇಳ್ತಿದ್ದೀನಿ.”

“ನೀರು ಬೇಡ. ಸ್ಟಾರ್ಟ್.”

ತಂಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಕೀ ತಿರುಗಿಸಿದಳು.

ಶೆಡ್ಡು ನಡುಗಿತು! ಸೈಲೆನ್ಸರ್ ತಾನೇ ಬಗ್ಗಿ ಥ್ರಾಟಲ್ ಒತ್ತಿದ. ಮತ್ತೊಮ್ಮೆ ಒತ್ತಿದ. ಹೊಸ ಬೈಕು ತಂದವರ ಹಾಗೆ ಖುಷಿಪಟ್ಟ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹತ್ತು... ಇಪ್ಪತ್ತು... ಮೂವತ್ತು.

ಆಫ್ ಮಾಡಿದ. ರಬ್ಬರ್ ಕಮರಿದ ವಾಸನೆ ಸಣ್ಣಗೆ ಬಂತು.

ಇಂಪೆಲ್ಲರ್ ಅಂತ ಒಂದು ರಬ್ಬರ್ ಚಕ್ರವಿದೆ, ಅಂಗೈಯಗಲದ್ದು. ಸಮುದ್ರದ ನೀರೆಳೆದು ಎಂಜಿನ್ ತಂಪಾಗಿಡುವುದು ಅದೇ. ಒಣಗಿ ತಿರುಗಿದರೆ ಅದರ ರೆಕ್ಕೆಗಳು ಸುಟ್ಟು ಹರಿಯುತ್ತವೆ. ಬದಲಾಯಿಸಲು ಅರ್ಧ ಗಂಟೆ ಸಾಕು. ಹೊಸದು ಶೆಲ್ಫಿನ ಮೇಲೇ ಇತ್ತು.

ಹೇಳಿದರೆ ಎಂಜಿನ್ ಸರಿಯಾಗುತ್ತದೆ, ಬೋಟು ಹಡಗು ಮುಟ್ಟುತ್ತದೆ. ಮುಟ್ಟಿದ ಮರುಕ್ಷಣ ಇಬ್ಬರಿಗೂ ಒಂದೊಂದು ಗುಂಡು. ಹೇಳದಿದ್ದರೆ ನಡುನೀರಿನಲ್ಲಿ ನಿಲ್ಲುತ್ತದೆ, ಆಗ ತಂಗಿಯ ತಲೆಗೆ ಪಿಸ್ತೂಲು. ಎರಡೂ ಕಡೆ ಗೋಡೆ.

ನಾನು ಹೇಳಲಿಲ್ಲ.

ಗೂಳಿ ಶಟರ್ ಎತ್ತಿ ಟ್ರೇಲರನ್ನು ನೀರಿಗೆ ದೂಡಿದ. ನಾನೂ ಸೈಲೆನ್ಸರೂ ಬೋಟು ಹತ್ತಿದೆವು, ಎಂಜಿನ್ ಮತ್ತೆ ಸ್ಟಾರ್ಟ್ ಆಯಿತು. ಅದರ ಪಕ್ಕದ ತೂತಿನಿಂದ ಬೆರಳುಗಾತ್ರ ನೀರು ಚಿಮ್ಮಬೇಕು. ಎಂಜಿನ್ ತಂಪಾಗಿದೆ ಅನ್ನುವುದಕ್ಕೆ ಅದೇ ಗುರುತು. ಇಲ್ಲಿ ದಾರದ ಎಳೆಯಷ್ಟು ಬರುತ್ತಿತ್ತು.

ತಂಗಿ ಹಿಂದಕ್ಕೆ ತಿರುಗಿ ನೋಡಿದಳು. “ಅಣ್ಣ, ನೀರು ನೋಡಿದ್ಯಾ?”

“ನೋಡ್ದೆ.”

“ಏನು ನೀರು?” ಅಂದ ಸೈಲೆನ್ಸರ್.

“ಕುಡಿಯೋಕೆ,” ಅಂದಳು. ಧ್ವನಿಯಲ್ಲಿ ಒಂದಿಷ್ಟೂ ನಡುಕವಿಲ್ಲ.

ಥ್ರಾಟಲ್ ಪೂರ್ತಿ ಒತ್ತಿದಳು. ಬೋಟು ನೀರಿನ ಮೇಲೆದ್ದು ಹಾರಿತು. ಅಲೆಗಳಿಗೆ ಅಡ್ಡ ಕಟ್ಟಿದ ತಡೆಗೋಡೆ ದಾಟಿದ್ದೇ ತಡ, ಪೊಲೀಸ್ ಬೋಟು ಸೈರನ್ ಹಾಕಿಕೊಂಡು ಬೆನ್ನು ಹತ್ತಿತು. ಗಂಟೆಗೆ ಎಂಬತ್ತು ಕಿಲೋಮೀಟರ್... ತೊಂಬತ್ತು! ಪೊಲೀಸರು ಹಿಂದಾದರು. ಮುಂದೆ ಹಡಗಿನ ಕಪ್ಪು ಮೈ ದೊಡ್ಡದಾಗುತ್ತಿತ್ತು. ಎಂಜಿನ್ ಮಾತ್ರ ಹಾಡುತ್ತಲೇ ಇತ್ತು. ನನ್ನ ಲೆಕ್ಕ ತಪ್ಪಿತೇ?

ಸೈಲೆನ್ಸರ್ ನಮ್ಮಿಬ್ಬರ ನಡುವೆ ಎದ್ದು ನಿಂತ. ಹಿಂದೆ ನೋಡಿ ನಕ್ಕ.

“ಅಣ್ಣ, ಕಾಲು ಊರಿ ಕೂತ್ಕೋ,” ಅಂದಳು ತಂಗಿ. ಅವಳ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲಿತ್ತು.

ಕೀಂ... ಅಂತ ಅಲಾರ್ಮ್ ಕೂಗಿತು.

ಪಿಸ್ತೂಲು ಅವಳ ಕೆನ್ನೆಗೆ ಬಂತು. “ಏನದು?”

ಉತ್ತರವನ್ನು ಎಂಜಿನ್ನೇ ಕೊಟ್ಟಿತು. ಮಿತಿ ಮೀರಿ ಬಿಸಿಯಾದರೆ ಇಂಥ ಎಂಜಿನ್‌ಗಳು ತಮ್ಮ ಜೀವ ಉಳಿಸಿಕೊಳ್ಳಲು ತಾವೇ ಶಕ್ತಿ ಕಡಿತ ಮಾಡುತ್ತವೆ. ತಂಗಿ ಅದೇ ಗಳಿಗೆಗೆ ಥ್ರಾಟಲನ್ನೂ ಎಳೆದಳು. ಬೋಟಿನ ಮೂತಿ ದಬ್ಬನೆ ನೀರಿಗೆ ಬಿತ್ತು. ಗುಂಡು ಆಕಾಶಕ್ಕೆ ಹಾರಿತು. ನಾವು ಕೂತಿದ್ದೆವು, ಗಟ್ಟಿಯಾಗಿ ಹಿಡಿದುಕೊಂಡಿದ್ದೆವು. ಅವನು ನಿಂತಿದ್ದ. ಎದುರಿನ ಗಾಜಿನ ಮೇಲಿಂದ ಉರುಳಿ, ಪಿಸ್ತೂಲಿನ ಸಮೇತ ಸಮುದ್ರಕ್ಕೆ ಬಿದ್ದ.

ತಂಗಿಯ ಬೆರಳುಗಳು ಸ್ಟಿಯರಿಂಗ್ ಬಿಡಲೊಲ್ಲವು. ಒಂದೊಂದಾಗಿ ಬಿಡಿಸಿದೆ. ಅವಳು ಅಳತೊಡಗಿದಳು. ನಾನೂ ಅತ್ತೆ.

ಪೊಲೀಸ್ ಬೋಟು ಪಕ್ಕಕ್ಕೆ ಬಂತು. ಇಪ್ಪತ್ತು ಅಡಿ ದೂರದಲ್ಲಿ ಸೈಲೆನ್ಸರ್ ಮುಳುಗುತ್ತಿದ್ದ, ಏಳುತ್ತಿದ್ದ, ನೀರು ಕುಡಿಯುತ್ತಿದ್ದ.

“ಮೊದಲು ಯಾರನ್ನ ಎತ್ತಬೇಕು?” ಮೈಕಿನಲ್ಲಿ ಕೇಳಿದ ಅಧಿಕಾರಿ.

ನಾನು ಸೀಟಿಗೆ ಒರಗಿ ಕೂತೆ. ಬಟ್ಟೆ ಕೂಡ ಒದ್ದೆಯಾಗಿರಲಿಲ್ಲ.

“ನಾವು ಲೈಫ್ ಜಾಕೆಟ್ ಹಾಕಿಲ್ಲ ಸಾರ್,” ಅಂದೆ. “ಮೊದಲು ನಾವು.”