ಏಳನೇ ಕಂಬದ ಗುಂಡಿ

2025ರ ಮಾರ್ಚ್ 12, ಬುಧವಾರ. ಬೆಳಿಗ್ಗೆ 10.40ಕ್ಕೆ ಬೆಟಗೇರಿಯ ಅಲ್ಮಾಸಬಿ ಮುಂಡರಗಿ ಠಾಣೆಗೆ ಬಂದು ಪಿಎಸ್‌ಐ ಶಾಂಭವಿಯವರ ಮುಂದೆ ನಿಂತಳು. ಹಿಂದಿನ ದಿನ ಅವಳ ಗಂಡ ಬುಡ್ಡೇಸಾಬ ಹಿರೇವಡ್ಡಟ್ಟಿಯಲ್ಲಿ ನೀರಿನ ಟಾಕಿ ಕಟ್ಟುವ ಜಾಗದಲ್ಲಿ ಸತ್ತಿದ್ದ. ಅಡಿಪಾಯದ ಗುಂಡಿಗೆ ಆಯತಪ್ಪಿ ಬಿದ್ದನೆಂದು ಗುತ್ತಿಗೆದಾರರ ಮೇಲ್ವಿಚಾರಕ ಈಶಪ್ಪ ಬರೆದುಕೊಟ್ಟಿದ್ದ. ಅಸಹಜ ಸಾವೆಂದು ದಾಖಲಾಗಿತ್ತು.

"ಅವ್ರು ಬಿದ್ದಿಲ್ರಿ," ಎಂದಳು ಅಲ್ಮಾಸಬಿ. ಅಳಲಿಲ್ಲ.

"ನಿಮಗ ಹೆಂಗ ಗೊತ್ತು?"

"ನಿನ್ನೆ ಒಂಬತ್ತಕ್ಕ ಫೋನ್ ಮಾಡಿದ್ರು. ಗುಂಡ್ಯಾಗ ಹಗೇವು ಸಿಕ್ಕೈತಿ, ಕೆಲಸ ನಿಂತೈತಿ, ಊಟಕ್ಕ ಮನಿಗಿ ಬರ್ತೀನಿ ಅಂದ್ರು. ಅಡಗಿ ಮಾಡಿದ್ದೆ."

ಹಗೇವು ಎಂದರೆ ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಈಶಪ್ಪನ ಹೇಳಿಕೆಯಲ್ಲಿ ಆ ಶಬ್ದವೇ ಇರಲಿಲ್ಲ. ಅಷ್ಟರಲ್ಲಿ ಶವಪರೀಕ್ಷೆಯ ವರದಿ ಬಂತು. ಮೂಳೆ ಮುರಿದಿಲ್ಲ, ತಲೆಗೆ ಪೆಟ್ಟಿಲ್ಲ. ಉಸಿರುಗಟ್ಟಿ ಸಾವು.

11.30ಕ್ಕೆ ಎಫ್‌ಐಆರ್ ಆಯಿತು.

ಮಧ್ಯಾಹ್ನ ಎರಡಕ್ಕೆ ಶಾಂಭವಿ ಹವಾಲ್ದಾರ್ ಖಾಸಿಂಸಾಬನೊಂದಿಗೆ ಜಾಗ ತಲುಪಿದರು. ಎಂಟು ಕಂಬಗಳಿಗೆ ಎಂಟು ಗುಂಡಿ. ಏಳನೆಯದರ ತಳದಲ್ಲಿ ಮಾತ್ರ ಹೊಸ ಗರಸು ಮಣ್ಣು ಹರಡಿತ್ತು. ಈಶಪ್ಪ ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದ.

"ಇದಕ್ಕಷ್ಟ ಯಾಕ ಗರಸು ಹಾಕೀರಿ?"

"ತಳಾ ಸಡ್ಲ ಇತ್ರಿ."

"ಮಣ್ಣು ಪರೀಕ್ಷೆ ವರದ್ಯಾಗ ಎಲ್ಲಾ ಕಡೆ ಗಟ್ಟಿ ನೆಲ ಅಂತ ಐತಿ."

ಶಾಂಭವಿ ಪಂಚರನ್ನು ಕರೆಸಿದರು.

3.30ಕ್ಕೆ ಪಂಚರ ಸಮಕ್ಷಮ ಗರಸು ತೆಗೆಸಲಾಯಿತು. ಒಬ್ಬ ಮನುಷ್ಯ ಇಳಿಯುವಷ್ಟು ಅಗಲದ, ಸುತ್ತ ಕಲ್ಲು ಕಟ್ಟಿದ ಬಾಯಿ ಕಂಡಿತು. ಆರಡಿ ಕೆಳಗೆ ಒಂದು ಚಪ್ಪಲಿ ಸಿಕ್ಕಿತು. ಖಾಸಿಂಸಾಬ ಅದನ್ನು ಪಂಚನಾಮೆಯಲ್ಲಿ ಬರೆದುಕೊಂಡ. ಪಂಚರಲ್ಲಿ ಒಬ್ಬಳು ಪಕ್ಕದ ಮನೆಯ ಮುದುಕಿ ಉಡಚವ್ವ.

"ನಮ್ಮ ಮಾವನೋರ ಕಾಲದ್ದರಿ ಇದು," ಎಂದಳು. "ಬಾಯಿ ತೆರದು ಒಂದಿನ ಹಂಗ ಬಿಡಬೇಕ್ರಿ. ಒಳಗಿನ ಗಾಳಿ ಕೆಟ್ಟಿರತೈತಿ. ಮೊದಲ ದೀಪಾ ಇಳಿಬಿಟ್ಟು ನೋಡತಿದ್ರು."

"ನಿನ್ನೆ ನಿಮ್ಮನ್ಯಾರಾದ್ರೂ ಕೇಳಿದ್ರೇನು?"

"ಯಾರೂ ಕೇಳಲಿಲ್ರಿ."

ತಗಡಿನ ಶೆಡ್ಡಿನಲ್ಲಿ ಕರಾರುಪತ್ರದ ಪ್ರತಿ ಇತ್ತು. ನೆಲದಲ್ಲಿ ನಿರೀಕ್ಷಿಸದ್ದೇನಾದರೂ ಸಿಕ್ಕರೆ ಕೂಡಲೇ ಕೆಲಸ ನಿಲ್ಲಿಸಿ ಇಲಾಖೆಯ ಎಂಜಿನಿಯರಿಗೆ ಲಿಖಿತವಾಗಿ ತಿಳಿಸಬೇಕು. ಅವರು ಬಂದು ನೋಡುವವರೆಗೆ ಆ ಜಾಗ ಮುಟ್ಟಬಾರದು. ಪತ್ರ ಬರೆಯುವ ವಹಿಯಲ್ಲಿ ನಲವತ್ತರ ನಂತರ ನಲವತ್ತೆರಡನೇ ಪುಟವಿತ್ತು.

"ನಲವತ್ತೊಂದು ಎಲ್ಲೈತಿ?"

ಈಶಪ್ಪ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಮಾರ್ಚ್ 11, ಬೆಳಿಗ್ಗೆ 8.50. ಏಳನೇ ಕಂಬದ ಗುಂಡಿಯಲ್ಲಿ ಹಗೇವು ಸಿಕ್ಕಿದೆ, ಕೆಲಸ ನಿಲ್ಲಿಸಲಾಗಿದೆ, ದಯವಿಟ್ಟು ಬಂದು ಪರಿಶೀಲಿಸಬೇಕು. ಕೆಳಗೆ ಅವನದೇ ಸಹಿ.

"ಯಾಕ ಕಳಸಲಿಲ್ಲ?"

"ಮೂರು ವರ್ಷದ ಹಿಂದ ಶಿರಹಟ್ಟ್ಯಾಗ ಹಿಂಗ ಬರದು ಕಳಸಿದ್ದೆನ್ರಿ. ಮಣ್ಣು ಅಂದಲ್ಲಿ ಬಂಡೆ ಬಂದಿತ್ತು. ಕೆಲಸ ನಿಂತಿತು. ನೋಡಾಕ ಬರಾಕ ಐದು ತಿಂಗಳಾತು. ಬಂದವರು ಅದು ಬಂಡೆ ಹೌದೋ ಅಲ್ಲೋ ಅಂತ ವಾದ ಮಾಡಿದ್ರು. ಕೆಲಸದವರು ಚದುರಿ ಹೋದ್ರು. ಮಾಲಕರು ನನ್ನನ್ನ ಗದಗಿನ ಗೋದಾಮಿನ್ಯಾಗ ಕುಂಡ್ರಿಸಿದ್ರು. ಒಂದೂವರಿ ವರ್ಷ. ದಿನಾ ಹೋಗ್ತಿದ್ದೆ, ಕುಂಡರ್ತಿದ್ದೆ, ಬರ್ತಿದ್ದೆ. ಯಾರೂ ಮಾತಾಡ್ತಿರಲಿಲ್ಲ."

"ನಿನ್ನೆ ಮುಚ್ಚು ಅಂತ ಮಾಲಕರು ಹೇಳಿದ್ರೇನು?"

"ಅವರಿಗೆ ಗೊತ್ತೇ ಇಲ್ರಿ. ಎರಡು ತಾಸಿನ ಕೆಲಸ, ತುಂಬಿಸಿ ಬಿಡೋಣ ಅನ್ಕೊಂಡೆ."

"ಬುಡ್ಡೇಸಾಬ?"

"ಮನಿಗಿ ಹೊಂಟಿದ್ದ. ನಾನ ತಿರುಗಿ ಕರದೆ. ಇಳದು ಆಳ ನೋಡಿ ಬಾ ಅಂದೆ. ಇಳದ. ಎರಡು ಸಲ ಕೂಗಿದೆ. ಹಗ್ಗಕ್ಕ ಕೊಕ್ಕಿ ಕಟ್ಟಿ ಎಳದ್ವಿ. ಆಮ್ಯಾಲೆ ಗುಂಡಿ ಮುಚ್ಚಿಸಿ, ಬಿದ್ದ ಅಂತ ಹೇಳ್ರಿ ಅಂತ ಎಲ್ಲಾರಿಗೂ ಹೇಳಿದೆ."

ಸಂಜೆ 6.15ಕ್ಕೆ ಅವನನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ.

ಶಾಂಭವಿ ಅಲ್ಮಾಸಬಿಗೆ ಫೋನ್ ಮಾಡಿದರು. "ನೀವು ಹೇಳಿದ್ದು ಖರೆ ಐತ್ರಿ."

"ಹೂಂ ರಿ," ಎಂದಳು ಅವಳು.

ಕೇಸ್ ಡೈರಿಯಲ್ಲಿ ಉದ್ದೇಶವೇನೆಂದು ಬರೆಯುವ ಕಡೆ ಶಾಂಭವಿ ಹೀಗೆ ಬರೆದರು: ಸ್ವಂತ ಲಾಭ ಕಂಡುಬಂದಿಲ್ಲ. ಕೆಲಸ ನಿಂತೀತೆಂಬ ಭಯ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಇಲಾಖೆಯ ಎಂಜಿನಿಯರ್ ಬಂದರು. ಗುಂಡಿ ನೋಡಿದರು, ನಕ್ಷೆ ಬಿಡಿಸಿದರು. ಟಾಕಿಯನ್ನು ಹನ್ನೆರಡು ಅಡಿ ಪಡುವಣಕ್ಕೆ ಸರಿಸಿದರೆ ಸಾಕೆಂದು ಸುಣ್ಣದ ಗೆರೆ ಎಳೆಸಿ ಹೊರಟರು. ಕಾವಲಿಗಿದ್ದ ಖಾಸಿಂಸಾಬ ಅವರು ಬಂದು ಹೋದ ಹೊತ್ತು ಬರೆದುಕೊಂಡ. ಒಟ್ಟು ಇಪ್ಪತ್ತು ನಿಮಿಷ.